ನಿಂತೇ ನೋಡುವ ಭಾವ

ಭಾನುವಾರ ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ, ಮುಲುಂಡಿನ ನಮ್ಮ ಕಾಲನಿಯ ಮೈದಾನದಲ್ಲಿ, ನನ್ನ ಭಾವ ಒಬ್ಬ ಮುದುಕರ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಎಲ್ಲ ಕೆಡಲು ಶುರುವಾದದ್ದು ಆಗ. ಅಷ್ಟು ಖಚಿತವಾಗಿ ಹೇಗೆ ಗೊತ್ತು ಎನ್ನುತ್ತೀರಾ? ಭಾವ ರೆಫರಿಯ ಗಡಿಯಾರವನ್ನು ನಂಬುವವರಲ್ಲ. ತಮ್ಮ ಕೈಗಡಿಯಾರ ನೋಡಿ ನೋಡಿ ನನಗೆ ವರದಿ ಒಪ್ಪಿಸುವವರು. "ಮೂವತ್ತೇಳನೇ ನಿಮಿಷ ಮಾರಾಯ್ತಿ, ನಾಲ್ಕು ಐವತ್ತೆರಡು" ಎಂದು ಹೇಳಿಯೇ ಅವರು ಆ ಮುದುಕರ ಕಡೆ ತಿರುಗಿದ್ದು.

ಒಬ್ಬ ಮನುಷ್ಯ ಎದ್ದು ನಿಂತರೆ ಕೆಡುವಂಥದ್ದು ಏನಿದೆ? ನ್ಯಾಯವಾದ ಪ್ರಶ್ನೆ. ಆದರೆ ನಿಮಗೆ ನನ್ನ ಭಾವ ಗೊತ್ತಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಚೆಂಬೂರಿನಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಅವರು ಕೂತದ್ದನ್ನು ಕಣ್ಣಾರೆ ಕಂಡವರು ಇಡೀ ಚೆಂಬೂರಿನಲ್ಲಿ ಇಬ್ಬರೇ: ಒಬ್ಬ ಸಲೂನಿನವನು, ಇನ್ನೊಬ್ಬರು ಹಲ್ಲಿನ ಡಾಕ್ಟರು. ಹೋಟೆಲಿನ ಗಲ್ಲಾದ ಹಿಂದೆ ಅವರಿಗೆಂದು ಮೆತ್ತನೆಯ ಕುರ್ಚಿ ಉಂಟು. ಅದರ ಮೇಲೆ ಸೋಂಪಿನ ಡಬ್ಬ ಕೂರುತ್ತದೆ.

ಹೋಟೆಲಿನಲ್ಲಿ ನಿಲ್ಲುವುದು ಅಭ್ಯಾಸ ಎನ್ನಬಹುದು. ಫುಟ್‌ಬಾಲ್ ನೋಡುವಾಗ ನಿಲ್ಲುವುದು ಮಾತ್ರ ವ್ರತ. ಮನೆಯಲ್ಲಿ ಟೀವಿ ಮುಂದೆಯೂ ಅಷ್ಟೇ! ಸೋಫಾದ ಹಿಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು ತೊಂಬತ್ತು ನಿಮಿಷ. ಹೆಚ್ಚುವರಿ ಸಮಯ ಕೊಟ್ಟರೆ ಅದನ್ನೂ ಸೇರಿಸಿಕೊಂಡು.

"ಆಡುವವರು ಬೆವರು ಸುರಿಸಿ ಓಡ್ತಾ ಇರುವಾಗ ನಾವು ಕಾಲು ಚಾಚಿ ಕೂತು ಚಕ್ಕುಲಿ ತಿನ್ನುವುದಾ? ಮರ್ಯಾದೆ ಅಂತ ಒಂದು ಬೇಡವಾ?" ಎಂದು ಅವರು ಕೇಳುತ್ತಾರೆ.

ಅಕ್ಕ ಒಮ್ಮೆ ಚಕ್ಕುಲಿಯ ಡಬ್ಬ ಕೆಳಗಿಟ್ಟು ಹೇಳಿದಳು: "ಸರಿ, ಅವರು ಓಡುವಾಗ ನೀವು ನಿಲ್ಲುತ್ತೀರಿ. ಅವರು ಬಿದ್ದು ಹೊರಳಾಡುವಾಗ ನೀವೂ ಒಂದು ಸಲ ನೆಲದಲ್ಲಿ ಹೊರಳಿ. ಆ ಸೋಫಾದ ಹಿಂದೆ ಎಷ್ಟು ಧೂಳು ಉಂಟು ಅಂತ ಆಗ ಗೊತ್ತಾಗುತ್ತದೆ!"

ಭಾವನಿಗೆ ಗಂಡು ಮಕ್ಕಳೂ ಇಲ್ಲ, ಹೆಣ್ಣು ಮಕ್ಕಳೂ ಇಲ್ಲ. ಅಕ್ಕನಿಗೆ ಫುಟ್‌ಬಾಲೆಂದರೆ ತಲೆನೋವು. ಹಾಗಾಗಿ ಮ್ಯಾಚಿಗೆ ಜೊತೆ ಹೋಗುವ ಭಾಗ್ಯ ನನ್ನದು. ವಿಕ್ರೋಳಿಯ ಆಫೀಸಿನಲ್ಲಿ ವಾರವಿಡೀ ಕುರ್ಚಿಗೆ ಅಂಟಿಕೊಂಡಿರುವ ನನಗೆ ಭಾನುವಾರ ನಿಲ್ಲುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದಾರೆ. ದೊಡ್ಡ ಸ್ಟೇಡಿಯಮ್ಮಿಗೆ ಹೋದರೆ ನಮ್ಮ ನಂಬರಿನ ಸೀಟನ್ನು ಹುಡುಕುತ್ತಾರೆ, ಅದನ್ನು ಮಡಚುತ್ತಾರೆ, ಅದರ ಮುಂದೆ ನಿಲ್ಲುತ್ತಾರೆ. ಹಿಂದಿನಿಂದ ಕೂಗು ಶುರು.

"ಅರೇ ಅಂಕಲ್, ಬೈಠೋ ನಾ!"

"ತುಮ್ ಖಡೇ ಹೋ ಜಾಓ, ಸಬ್ ದಿಖೇಗಾ!" ಎಂದು ಭಾವ. ಅವನು ನಿಂತರೆ ಅವನ ಹಿಂದಿನವನು ನಿಲ್ಲಬೇಕು. ಹೀಗೆ ನಮ್ಮ ಭಾವ ಒಬ್ಬರೇ ಹತ್ತು ಸಾಲನ್ನು ಎಬ್ಬಿಸಿದ ದಿನಗಳುಂಟು. ಎಲ್ಲರೂ ನಿಂತರೆ ಎಲ್ಲರಿಗೂ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಎಲ್ಲರೂ ಎಂದರೆ ಐದು ಅಡಿ ಎಂಟು ಇಂಚಿನವರು. ನಾನು ಐದು ಅಡಿಯೂ ಇಲ್ಲ! ಮೂರು ವರ್ಷದಲ್ಲಿ ನಾನು ಮುಂಬಯಿಯ ಬೆನ್ನುಗಳನ್ನಷ್ಟೇ ನೋಡಿದ್ದು. ನನ್ನ ಎದುರಿಗೇ ಆದ ಗೋಲುಗಳನ್ನು ಮನೆಗೆ ಬಂದು ಫೋನಿನಲ್ಲಿ ನೋಡಿ ಸಂತೋಷಪಟ್ಟಿದ್ದೇನೆ.

ಇನ್ನು ರೆಫರಿಗಳ ವಿಷಯ. ಈಗಿನ ರೆಫರಿಗಳು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಹುಟ್ಟಿದವರು ಎಂಬುದು ಭಾವನ ದೂರು. ಒಬ್ಬ ಇನ್ನೊಬ್ಬನಿಗೆ ತಾಗಿದರೆ ಸಾಕು, ಪೀಂ! "ಇದು ಫುಟ್‌ಬಾಲಾ, ಭರತನಾಟ್ಯವಾ? ಮೈಗೆ ಮೈ ತಾಗದೆ ಆಡಲಿಕ್ಕೆ ಎಂತ, ಚದುರಂಗವಾ?" ಅವರ ಕಾನೂನು ಬಹಳ ಸರಳ. ಭುಜಕ್ಕೆ ಭುಜ ತಾಗಿಸಿದರೆ ನ್ಯಾಯ. ಮೊಣಕೈ ಎತ್ತಿದರೆ ಫೌಲ್. ಬೆನ್ನಿಗೆ ಎರಡೂ ಕೈ ಇಟ್ಟು ತಳ್ಳಿದರೆ ಕಾರ್ಡು.

ಈ ಕಾನೂನು ಮೈದಾನಕ್ಕಷ್ಟೇ ಆಗಿದ್ದರೆ ನಾವು ಸುಖವಾಗಿರುತ್ತಿದ್ದೆವು. ಭಾವ ಅದನ್ನು ಕುರ್ಲಾ ಸ್ಟೇಶನ್ನಿನಲ್ಲೂ ಜಾರಿಗೆ ತಂದಿದ್ದಾರೆ! ಚೆಂಬೂರಿನಿಂದ ನಮ್ಮ ಮನೆಗೆ ಬರಲು ಕುರ್ಲಾದಲ್ಲಿ ಲೋಕಲ್ ಬದಲಿಸಬೇಕು. ಅಲ್ಲಿ ಸಂಜೆ ಹೊತ್ತು ಗಾಡಿ ಹತ್ತುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ಭಾವ ಜೇಬಿನಲ್ಲಿ ಒಂದು ಹಳದಿ ಕಾರ್ಡು ಇಟ್ಟುಕೊಂಡಿರುತ್ತಾರೆ. ಹೋಟೆಲಿನ ಪಾರ್ಸೆಲ್ ಪೆಟ್ಟಿಗೆಯ ಮುಚ್ಚಳದಿಂದ ಕತ್ತರಿಸಿದ್ದು. ಒಂದು ದಿನ ಬೆನ್ನಿಗೆ ಕೈ ಇಟ್ಟು ತಳ್ಳಿದ ಒಬ್ಬ ದಪ್ಪ ಮೀಸೆಯವನಿಗೆ ಅದನ್ನು ಮುಖದೆದುರು ಹಿಡಿದರು. ಅವನು ಅದನ್ನು ಕಿತ್ತುಕೊಂಡ, ತಿರುಗಿಸಿ ನೋಡಿದ. ಹಿಂದೆ ಹೋಟೆಲಿನ ಹೆಸರು, ವಿಳಾಸ. ನಕ್ಕ. ಜೇಬಿಗೆ ಹಾಕಿಕೊಂಡ.

ಮುಂದಿನ ಶನಿವಾರ ಆ ಮೀಸೆಯವನು ಹೆಂಡತಿ, ಅತ್ತೆ, ಇಬ್ಬರು ನಾದಿನಿಯರ ಸಮೇತ ಹೋಟೆಲಿಗೆ ಬಂದು, ಹಳದಿ ಕಾರ್ಡನ್ನು ಗಲ್ಲಾದ ಮೇಲಿಟ್ಟು, "ನೀವೇ ಕರೆದಿದ್ದಿರಲ್ಲ, ಬಂದೆವು" ಎಂದ! ಭಾವ ಫ್ಯಾನಿನ ಕೆಳಗಿನ ಮೇಜು ಒರೆಸಿಸಿದರು. ಸಂಗತಿ ಕೇಳಿ ಅಕ್ಕ ಹೇಳಿದಳು: "ಪುಣ್ಯ, ಹಳದಿ ತೋರಿಸಿದಿರಿ. ಕೆಂಪು ತೋರಿಸಿದ್ದರೆ ಗಂಟುಮೂಟೆ ಸಮೇತ ಮನೆಗೇ ಬರುತ್ತಿದ್ದರು."

ಇಷ್ಟು ಹೇಳಿ ನಗುತ್ತಾ ಇದ್ದೇನೆ ಅಲ್ಲವೇ? ನಗುವುದು ಸುಲಭ. ಈಗ ಆ ಭಾನುವಾರಕ್ಕೆ ಬರಬೇಕು. ಬರಲಿಕ್ಕೆ ಮನಸ್ಸಿಲ್ಲ. ಅದಕ್ಕೇ ಮೀಸೆಯವನನ್ನು ಇಷ್ಟು ಹೊತ್ತು ಕೂರಿಸಿಕೊಂಡೆ.

ಆ ದಿನ ಭಾವನ ಹೋಟೆಲಿನ ತಂಡಕ್ಕೂ ನಮ್ಮ ಕಾಲನಿಯ ತಂಡಕ್ಕೂ ಮ್ಯಾಚು. ಹೋಟೆಲಿನ ಗೋಲ್‌ಕೀಪರ್ ದೋಸೆ ಹಾಕುವವನು. ಅವನ ಕೈಗೆ ಬಿಸಿಯೂ ತಾಗುವುದಿಲ್ಲ, ಚೆಂಡೂ ತಾಗುವುದಿಲ್ಲ ಎಂದು ಹೋಟೆಲಿನವರೇ ಹೇಳುತ್ತಾರೆ. ನೋಡುವವರಿಗಾಗಿ ಕಬ್ಬಿಣದ ಪೈಪು ಕಟ್ಟಿ, ಮೇಲೆ ಹಲಗೆ ಹಾಸಿ ಐದು ಮೆಟ್ಟಿಲಿನ ಗ್ಯಾಲರಿ ಮಾಡಿದ್ದರು. ಅದರ ಮುಂದೆ ಒಂದು ಕೈ ದೂರದಲ್ಲಿ ಎದೆಮಟ್ಟದ ಕಬ್ಬಿಣದ ಕಟಕಟೆ. ಹಲಗೆ ಕೂರುವುದಕ್ಕೆ ಹಾಕಿದ್ದು. ನಿಲ್ಲಲು ಒಂದು ಪಾದದ ಅಗಲ ಜಾಗ.

ನಾನು ಆ ದಿನ ಬಂಡೆದ್ದಿದ್ದೆ. "ಭಾವ, ಇವತ್ತು ನಾನು ಕೂತೇ ನೋಡುವುದು. ಏನು ಬೇಕಾದರೂ ಹೇಳಿ" ಎಂದು ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೇಲೆ ಪೇಪರು ಹಾಸಿ ಕೂತುಬಿಟ್ಟೆ. ಮುಂದೆ ಯಾರೂ ಇಲ್ಲ, ಕಟಕಟೆಯ ಸಂದಿನಿಂದ ಮೈದಾನ ಪೂರ್ತಿ ಕಾಣುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ನಾನು ಹುಲ್ಲು ನೋಡಿದೆ!

ಭಾವ ಪಕ್ಕದಲ್ಲಿ ನಿಂತರು. ನಾನು ಕೈಬಿಟ್ಟೆನೆಂದು ಅವರಿಗೆ ಹಟ ಬಂತೇನೋ. ಹಿಂದೆ ತಿರುಗಿ ಇಡೀ ಗ್ಯಾಲರಿಗೆ ಕರೆ ಕೊಟ್ಟರು. "ಕೂತರೆ ಸಿನಿಮಾ, ನಿಂತರೆ ಮ್ಯಾಚು! ಚಲೋ, ಉಠೋ!" ಮುಂಬಯಿಯ ಜನ ಒಳ್ಳೆಯವರು. ನಗುತ್ತಾ ಒಬ್ಬೊಬ್ಬರೇ ಎದ್ದರು. ಮೂರನೇ ಸಾಲಿನಲ್ಲಿ ಒಬ್ಬ ಮುದುಕರು ಮಾತ್ರ ಕೂತೇ ಇದ್ದರು. ನಮ್ಮ ಕಟ್ಟಡದ ಬೀ ವಿಂಗಿನವರು, ಎಲ್ಲರೂ ಕಾಕಾ ಎಂದು ಕರೆಯುತ್ತಾರೆ. ಭಾವ ಮೇಲೆ ಹತ್ತಿ ಹೋಗಿ ಅವರ ಕೈ ಹಿಡಿದು ಹಿಂದಿಯಲ್ಲಿ ಹೇಳಿದರು: "ಕಾಕಾ, ನೀವೂ ಏಳಬೇಕು. ನೀವು ಎದ್ದರೆ ನಮಗೆ ಮರ್ಯಾದೆ." ಕಾಕಾ ಎದ್ದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನಾಲ್ಕು ಐವತ್ತೆರಡು.

ಭಾವ ಇಳಿದು ಬಂದು ಮತ್ತೆ ನನ್ನ ಪಕ್ಕದಲ್ಲಿ ನಿಂತರು. ಆರು ನಿಮಿಷದ ಮೇಲೆ ಕಾಲನಿಯ ಮುಂಚೂಣಿಯ ಆಟಗಾರ ಚೆಂಡು ತಳ್ಳಿಕೊಂಡು ಗೋಲಿನ ಕಡೆ ಓಡುತ್ತಿದ್ದಾಗ, ಹೋಟೆಲಿನ ಒಬ್ಬ ಅವನಿಗೆ ಭುಜ ಕೊಟ್ಟ. ಅವನು ಉರುಳಿದ. ರೆಫರಿ ಎರಡೂ ಕೈ ಬೀಸಿ 'ಆಡಿ, ಆಡಿ' ಎಂದ. ಸೀಟಿ ಇಲ್ಲ! ಗ್ಯಾಲರಿಯಿಂದ "ಫೌಲ್!" ಎಂಬ ಗರ್ಜನೆ. ಅದರ ನಡುವೆ ಭಾವನ ಒಂದೇ ದನಿ: "ಭುಜಕ್ಕೆ ಭುಜ! ಫೌಲ್ ನಹೀ ಹೈ!"

ಮೇಲಿನ ಸಾಲಿನವರು ರೆಫರಿಯನ್ನು ವಿಚಾರಿಸಿಕೊಳ್ಳಲು ಕೆಳಗೆ ನುಗ್ಗಿದರು. ನುಗ್ಗಲು ದಾರಿ ಎಲ್ಲಿದೆ? ಒಂದು ಪಾದದ ಜಾಗದಲ್ಲಿ ಎಲ್ಲರೂ ನಿಂತಿದ್ದಾರೆ. ಐದನೇ ಸಾಲು ನಾಲ್ಕನೆಯದರ ಮೇಲೆ, ನಾಲ್ಕು ಮೂರರ ಮೇಲೆ. ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳು ಒಂದರ ಮೇಲೊಂದು ವಾಲುತ್ತವಲ್ಲ, ಹಾಗೆ. ಯಾವುದೋ ಹಲಗೆ ಹಪ್ಪಳ ಮುರಿದ ಹಾಗೆ ಸದ್ದು ಮಾಡಿತು. ನಾನು ತಿರುಗಿ ನೋಡಿದಾಗ ಆಕಾಶ ಇರಲಿಲ್ಲ. ಜನ ಇದ್ದರು.

ಆಮೇಲೆ ನನಗೆ ಕಂಡದ್ದು ಭಾವನ ಅಂಗಿ. ಅವರು ನನ್ನ ಮೇಲೆ ಅಡ್ಡ ಬಂದು, ಮುಂದಿನ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಬಗ್ಗಿಸಿ ನಿಂತಿದ್ದರು. ಅವರ ಎರಡು ತೋಳಿನ ನಡುವೆ, ಎದೆಯ ಕೆಳಗೆ, ಒಂದು ಸಣ್ಣ ಕೋಣೆಯಷ್ಟು ಜಾಗ. ಅದರೊಳಗೆ ನಾನು. ಹೊರಗೆ ಕಿರುಚಾಟ. ಒಳಗೆ ಕಾಫಿಪುಡಿಯ ವಾಸನೆ. ಅವರ ಬೆನ್ನಿನ ಮೇಲೆ ಎಷ್ಟು ಜನ ಬಿದ್ದರೋ ಗೊತ್ತಿಲ್ಲ. ಒಬ್ಬೊಬ್ಬರು ಬಿದ್ದಾಗಲೂ ಆ ಕೋಣೆಯ ಸೂರು ಒಂದಿಷ್ಟು ಕೆಳಗೆ ಬರುತ್ತಿತ್ತು. ಅವರು ಹೂಂ ಎಂದು ಮತ್ತೆ ಮೇಲೆ ಎತ್ತುತ್ತಿದ್ದರು. ಇನ್ನೊಂದು ಸಲ ಕೆಳಗೆ ಬಂದರೆ ನನಗೆ ಉಸಿರಿಲ್ಲ ಎಂದು ಗೊತ್ತಿತ್ತು. ಇಪ್ಪತ್ತು ಸೆಕೆಂಡೋ, ಎರಡು ನಿಮಿಷವೋ. ಗಡಿಯಾರ ನೋಡುವವರು ಆಗ ಬೇರೆ ಕೆಲಸದಲ್ಲಿದ್ದರು.

ರೆಫರಿ ಈಗ ಸೀಟಿ ಊದಿದ. ಊದುತ್ತಲೇ ಇದ್ದ. ಎರಡೂ ತಂಡದವರು ಓಡಿ ಬಂದು ಒಬ್ಬೊಬ್ಬರನ್ನೇ ಎಳೆದು ಎತ್ತಿದರು. ದೋಸೆಯವನು ಕೈಗವಸು ಹಾಕಿಕೊಂಡೇ ಹನ್ನೊಂದು ಜನರನ್ನು ಎತ್ತಿದನಂತೆ. ಒಬ್ಬರೂ ಅವನ ಕೈಜಾರಿ ಬೀಳಲಿಲ್ಲ.

ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತೇನೋ. ಭಾವನ ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಹಲವರಿಗೆ ತರಚುಗಾಯ. ಕಾಕಾ ಕೈಯೂರಿ ಬಿದ್ದದ್ದರಿಂದ ಬಲಗೈಯ ಮಣಿಕಟ್ಟು ಮುರಿಯಿತು. ನನಗೆ? ನನಗೆ ಏನೂ ಆಗಲಿಲ್ಲ. ಪೇಪರು ಕೂಡ ಹರಿದಿರಲಿಲ್ಲ.

ಏನೂ ಆಗದವಳಿಗೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಹಪ್ಪಳ ಮುರಿಯುತ್ತದೆ. ಆಗ ನಾನು ಗ್ಯಾಲರಿಯನ್ನು ಮತ್ತೆ ಜೋಡಿಸಲು ಕೂರುತ್ತೇನೆ. ಎಲ್ಲರನ್ನೂ ಹಲಗೆಯ ಮೇಲೆ ಕೂರಿಸುತ್ತೇನೆ. ಯಾರೂ ಬೀಳುವುದಿಲ್ಲ. ಹಾಗಾದರೆ ತಪ್ಪು ಎಬ್ಬಿಸಿದ ಭಾವನದು. ಸರಿ, ಭಾವನನ್ನೂ ಕೂರಿಸುತ್ತೇನೆ. ಆದರೆ ಮೇಲಿನವರು ಹೇಗೂ ಸಿಟ್ಟಿನಿಂದ ನುಗ್ಗುವವರೇ. ಆಗ ನನ್ನ ಮೇಲೆ ಅಡ್ಡ ಬರಲು ನಿಂತವರು ಯಾರಿದ್ದಾರೆ? ಮತ್ತೆ ಭಾವನನ್ನು ನಿಲ್ಲಿಸುತ್ತೇನೆ. ಭಾವ ನಿಂತರೆ ಎಲ್ಲರನ್ನೂ ಎಬ್ಬಿಸುತ್ತಾರೆ! ನಾನೇ ನಿಂತಿದ್ದರೆ? ನಾನು ಕೂತದ್ದರಿಂದಲ್ಲವೇ ಅವರಿಗೆ ಹಟ ಬಂದದ್ದು? ನನ್ನನ್ನು ಬದುಕಿಸಿದವರು ಅವರು. ಸಾಯುವ ಹಾಗೆ ಮಾಡಿದವರೂ ಅವರೇ ಇರಬಹುದು. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಮಲಗುವುದು ಹೇಗೆ, ನೀವೇ ಹೇಳಿ.

ಭಾವನನ್ನೇ ಕೇಳಿದೆ. ಜಗತ್ತಿನ ಎಲ್ಲ ತಳ್ಳಾಟಕ್ಕೂ ಅವರ ಬಳಿ ತೀರ್ಪು ಇರುತ್ತದಲ್ಲ! ಪಕ್ಕೆಗೆ ಪಟ್ಟಿ ಕಟ್ಟಿಕೊಂಡು ಮನೆಯ ಕಿಟಕಿಯ ಹತ್ತಿರ ನಿಂತಿದ್ದರು.

"ಭಾವ, ಅದು ಯಾರ ಫೌಲು?"

"ಬಿಡು ಮಾರಾಯ್ತಿ."

"ಬಿಡಲಿಕ್ಕೆ ಆಗುವುದಿಲ್ಲ. ನೀವು ನನ್ನನ್ನು ನೋಡಿಯೇ ಅಡ್ಡ ಬಂದದ್ದಲ್ವಾ?"

"ಎಂತ ಗೊತ್ತು? ನೆನಪಿಲ್ಲ. ನಿನಗೆ ಚಾ ಬೇಕಾ?"

ಇಷ್ಟೇ. ಅಕ್ಕ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಟೀವಿಯಲ್ಲಿ ಮ್ಯಾಚ್ ಬಂದರೆ ಆಫ್ ಮಾಡ್ತಾರೆ. ಮೊನ್ನೆ ಕುರ್ಲಾದಲ್ಲಿ ಯಾರೋ ಮೊಣಕೈಯಲ್ಲಿ ತಿವಿದರೂ ಸುಮ್ಮನೆ ಇದ್ದರಂತೆ. ನನಗೆ ಹೆದರಿಕೆ ಆಗ್ತದೆ. ಇವರು ಮೊದಲಿನ ಹಾಗೆ ಕಿರಿಕಿರಿ ಮಾಡಿದರೆ ಸಾಕು, ನಾನು ದೇವರಿಗೆ ಹಣ್ಣುಕಾಯಿ ಮಾಡಿಸ್ತೇನೆ!"

ನಮ್ಮ ಕಟ್ಟಡದ ವಾಚ್‌ಮನ್ನಿನಿಂದ ಇನ್ನೊಂದು ಸಂಗತಿ ಹೊರಬಿತ್ತು. "ಮ್ಯಾಡಮ್, ಆಪ್‌ಕೇ ಜೀಜಾಜಿ ಕಾ ಇಡ್ಲಿ ಬಹುತ್ ಅಚ್ಛಾ ಹೈ" ಎಂದ. ಭಾವನ ಇಡ್ಲಿ ಬಹಳ ರುಚಿಯಂತೆ! ಯಾವ ಇಡ್ಲಿ? ವಿಚಾರಿಸಿದರೆ, ಭಾವ ನಾಲ್ಕು ದಿನ ಬೆಳಿಗ್ಗೆ ಚೆಂಬೂರಿನಿಂದ ಪಾರ್ಸೆಲ್ ಹಿಡಿದುಕೊಂಡು ಬಂದಿದ್ದಾರೆ. ಬೀ ವಿಂಗಿನ ಮೆಟ್ಟಿಲಿನವರೆಗೆ ಹೋಗುವುದು, ಅಲ್ಲೇ ನಿಲ್ಲುವುದು, ತಿರುಗಿ ಬಂದು ಪಾರ್ಸೆಲನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಗುವುದು. ನನ್ನ ಮನೆಗೂ ಬಂದಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಅವಳು, "ಕೈ ಮುರಿದದ್ದು ಕಾಕಾನದು, ಮೈ ಬಂದದ್ದು ವಾಚ್‌ಮನ್ನಿಗೆ. ಇದು ಯಾವ ಊರಿನ ನ್ಯಾಯ!" ಎಂದಳು. ನಕ್ಕಳು ಎಂದುಕೊಂಡೆ. ಮೂಗು ಒರೆಸಿಕೊಂಡ ಸದ್ದು ಅದು.

ಹದಿನೇಳನೇ ದಿನ, ಬುಧವಾರ, ನಾನು ಆಫೀಸಿಗೆ ರಜೆ ಹಾಕಿ ಗೇಟಿನಲ್ಲಿ ಕಾದೆ. ಭಾವ ಬಂದರು, ಕೈಯಲ್ಲಿ ಪಾರ್ಸೆಲ್. ನನ್ನನ್ನು ನೋಡಿ ಪಾರ್ಸೆಲನ್ನು ಬೆನ್ನ ಹಿಂದೆ ಅಡಗಿಸಿದರು.

"ನೀನು ಎಂತ ಇಲ್ಲಿ?"

"ನಾನು ಇರುವುದೇ ಇಲ್ಲಿ ಭಾವ. ನಡೆಯಿರಿ, ಮೂರನೇ ಮಹಡಿ."

ಮೆಟ್ಟಿಲು ಹತ್ತುತ್ತಾ ಅವರು ಹಿಂದಿಯಲ್ಲಿ ಏನೋ ಮಾತು ಜೋಡಿಸುತ್ತಿದ್ದರು. ಪ್ರತಿ ಮಹಡಿಯಲ್ಲೂ ಪಕ್ಕೆ ಹಿಡಿದುಕೊಂಡು ನಿಂತು ಮೊದಲಿನಿಂದ ಶುರುಮಾಡುತ್ತಿದ್ದರು. ಮಗ, ಸೊಸೆ ಬೆಳಿಗ್ಗೆಯ ಲೋಕಲ್ ಹಿಡಿದು ಕೆಲಸಕ್ಕೆ ಹೋದ ಮೇಲೆ ಕಾಕಾ ಒಬ್ಬರೇ ಇರುತ್ತಾರೆ. ಅವರೇ ಬಾಗಿಲು ತೆರೆದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಎಡಗೈಯಲ್ಲಿ ಹಾಕಿಕೊಂಡ ಅಂಗಿಯ ಗುಂಡಿಗಳೆಲ್ಲ ಒಂದು ತೂತು ತಪ್ಪಿ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

ಭಾವ ಜೋಡಿಸಿದ ಮಾತೆಲ್ಲ ಎಲ್ಲಿ ಹೋಯಿತೋ. "ಕಾಕಾ, ಫೌಲ್ ಮೇರಾ ಥಾ" ಎಂದರು, ಫೌಲು ನನ್ನದೇ ಎಂದು. ಅಷ್ಟೇ.

ಕಾಕಾ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾವ ಫೌಲು?" ಎಂದು ಬಂಬಯಿ ಹಿಂದಿಯಲ್ಲಿ ಕೇಳಿದರು. "ನಾನು ನಿನ್ನ ಮಾತಿಗೆ ಎದ್ದೆ ಅಂದುಕೊಂಡಿದ್ದೀಯಾ? ಅರೆ, ಕಾಲು ಜೋಮು ಹಿಡಿದಿತ್ತು! ಏಳಬೇಕು ಅಂತಲೇ ಇದ್ದೆ. ನಿನ್ನ ಕೈ ಸಿಕ್ಕಿತು, ಹಿಡಿದೆ."

ಇದು ನಿಜವೋ, ಬಾಗಿಲಲ್ಲಿ ನಿಂತವನಿಗೆ ಹೇಳಿದ ದೊಡ್ಡ ಮನಸ್ಸಿನ ಸುಳ್ಳೋ? ಭಾವ ನನ್ನ ಮುಖ ನೋಡಿದರು. ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಭಾವ ಪಾರ್ಸೆಲನ್ನು ನನ್ನ ಕೈಗೆ ಕೊಟ್ಟು ಒಂದು ಹೆಜ್ಜೆ ಮುಂದೆ ಹೋದರು. ಏನೂ ಕೇಳದೆ ಕಾಕಾನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೆಳಗಿನಿಂದ ಸರಿಯಾಗಿ ಹಾಕುತ್ತಾ ಬಂದರು. ಬಗ್ಗುವಾಗ ನೋವಿಗೆ ತುಟಿ ಕಚ್ಚುತ್ತಿದ್ದರು. ಕಾಕಾ ಶಾಲೆಗೆ ಹೊರಟ ಮಗುವಿನ ಹಾಗೆ ಗದ್ದ ಮೇಲೆತ್ತಿ ಸುಮ್ಮನೆ ನಿಂತಿದ್ದರು. ಎದೆಯ ಹತ್ತಿರದ ಗುಂಡಿಗೆ ಬಂದಾಗ ಭಾವ ಅದನ್ನು ಹಾಕದೆ ಬೆರಳಲ್ಲೇ ಹಿಡಿದುಕೊಂಡರು.

"ಆ ದಿನ ಬಹಳ ಹೆದರಿಕೆ ಆಯಿತು ಕಾಕಾ" ಎಂದರು, ಕನ್ನಡದಲ್ಲೇ.

ಕಾಕಾನಿಗೆ ಕನ್ನಡದ ಒಂದಕ್ಷರವೂ ಬಾರದು. "ಹೋ, ಹೋ, ಮಲಾ ಪಣ್" ಎಂದು, ನನಗೂ ಎಂದು, ಮರಾಠಿಯಲ್ಲಿ ಹೇಳಿ ಎಡಗೈಯನ್ನು ಅವರ ತಲೆಯ ಮೇಲಿಟ್ಟರು.

ನಾನು ಪಾರ್ಸೆಲ್ ಹಿಡಿದುಕೊಂಡು ಹೊಸ್ತಿಲಲ್ಲೇ ಇದ್ದೆ. ಹದಿನೇಳು ದಿನ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆದರೆ ಆ ಇಬ್ಬರಿಗೂ ಹೆದರಿಕೆ ಆಗಿತ್ತು ಎಂಬುದನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಇಡ್ಲಿ ತಣ್ಣಗಾಗಿತ್ತು. ಮೂವರೂ ತಿಂದೆವು. ಭಾವ ಕಾಕಾನಿಗೆ ಚೂರು ಮಾಡಿ ಕೊಟ್ಟರು. "ನಾಳೆಯೂ ಬರ್ತೇನೆ, ಗುಂಡಿ ಹಾಕಲಿಕ್ಕೆ" ಎಂದು ಹೊರಟರು.

ಆ ರಾತ್ರಿ ನಾನು ಮಲಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಗುರುವಾರ ಬೆಳಿಗ್ಗೆ ಹಾಲಿನವನು ಬೆಲ್ ಒತ್ತಿದ್ದು.